ಗೊಬ್ಬರದ ಡ್ರಮ್ಮಿಗೆ ಎಂಸೀಲ್

ಆ ಫೋಟೊ ನೀವೂ ನೋಡಿರ್ತೀರಿ. ಒಂದು ಹಸಿರು ಡ್ರಮ್, ಅದರ ಮುಚ್ಚಳಕ್ಕೆ ಕೈ ಹಚ್ಚಿ ನಿಂತ ಹದಿನಾಲ್ಕು ಮಂದಿ. ಮುಚ್ಚಳ ತೆಗೀತಿದ್ದಾರೋ ಹಾಕ್ತಿದ್ದಾರೋ ಗೊತ್ತಾಗುವುದಿಲ್ಲ. ಹಿಂದೆ ದೊಡ್ಡ ಫ್ಲೆಕ್ಸು. ಅದರ ಮೇಲೆ 'ಪ್ಲಾಸ್ಟಿಕ್ ಬಿಡಿ, ಮನೆಯಲ್ಲೇ ಗೊಬ್ಬರ ಮಾಡಿ'. ಡ್ರಮ್ ಹಂಚಿದವರ ಹೆಸರು ನಾನು ಹೇಳುವುದಿಲ್ಲ. ಡ್ರಮ್ಮಿನ ಹೊಟ್ಟೆಯ ಮೇಲೆ ಅವರೇ ಗೇಣುದ್ದ ಅಕ್ಷರದಲ್ಲಿ ಬರೆಸಿಕೊಂಡಿದ್ದಾರೆ.

ನಮ್ಮ ಧಾರವಾಡದ ಓಣಿಗೂ ಬಂದವು, ಮನೆಗೊಂದು. ಡ್ರಮ್ ಚಲೋ ಇದೆ, ಸುಳ್ಳು ಯಾಕೆ ಹೇಳಲಿ. ಗಾಳಿಯಾಡಲು ಸುತ್ತಲೂ ತೂತು, ರಸ ಬಸಿದುಕೊಳ್ಳಲು ಕೆಳಗೊಂದು ನಲ್ಲಿ. ಆ ನಲ್ಲಿಯೇ ಘಾತ ಮಾಡಿತು. ವಾರಕ್ಕೊಮ್ಮೆ ನೀರು ಬರುವ ಓಣಿಯವರ ಕೈಗೆ ನಲ್ಲಿ ಇರುವ ಡ್ರಮ್ ಕೊಟ್ಟು, ಇದರಲ್ಲಿ ಬಾಳೆಹಣ್ಣಿನ ಸಿಪ್ಪೆ ಹಾಕಿ ಅಂದರೆ ಯಾರು ಕೇಳ್ತಾರೆ? ಮರುದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ತೂತು ಮುಚ್ಚುವ ಎಂಸೀಲ್ ಖಾಲಿ.

ಎದುರು ಮನೆ ಕಾಕಾ ಕಟ್ಟೆಯ ಮೇಲೆ ಕೂತು ಎರಡು ಬಣ್ಣದ ಉಂಡೆಗಳನ್ನು ಹೋಳಿಗೆ ಕಣಕದ ಹಾಗೆ ನಾದುತ್ತಿದ್ದರು. ಚಿಟಿಕೆ ಚಿಟಿಕೆ ಹರಿದು ಒಂದೊಂದೇ ತೂತಿಗೆ ಹೆಬ್ಬೆರಳಿನಿಂದ ಒತ್ತುವುದು, ಎಂಜಲು ಹಚ್ಚಿ ನುಣ್ಣಗೆ ಸವರುವುದು. ಒಟ್ಟು 48 ತೂತು. ಪತ್ತಾರರೂ ಇಷ್ಟು ನಾಜೂಕಾಗಿ ಕೆಲಸ ಮಾಡಲಿಕ್ಕಿಲ್ಲ.

"ಕಾಕಾರ, ಇದು ಗೊಬ್ಬರಕ್ಕ ಕೊಟ್ಟಿದ್ದಲ್ಲೇನ್ರಿ?"

"ಗೊಬ್ಬರಕ್ಕೇನು ಅವಸರ ಐತೋ ತಮ್ಮಾ? ನೀರು ನಾಳೆ ಬರತೈತಿ."

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಿಡುವುದು 2008ರ ಸುಮಾರಿಗೇ ಶುರುವಾಯಿತು. ಆಗ ಕಾಕಾ ಇನ್ನೂ ನೌಕರಿಯಲ್ಲಿದ್ದರು. ಈಗ ರಿಟೈರ್ ಆಗಿದ್ದಾರೆ. ಅವರ ನೀರಿನ ಪಾಳಿ ಮಾತ್ರ ರಿಟೈರ್ ಆಗಿಲ್ಲ.

ಡ್ರಮ್ ಕೊಟ್ಟ ಮೇಲೆ ಟ್ರೇನಿಂಗೂ ಕೊಟ್ಟರು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು, ಅದಕ್ಕೇ ಹಸಿ ಸಿಪ್ಪೆಯ ಮೇಲೆ ಒಣಗಿದ್ದನ್ನು ಹಾಕಬೇಕು ಅಂತ ಹುಡುಗ ಚೆನ್ನಾಗಿಯೇ ಹೇಳಿದ. ಒಣಗಿದ್ದು ಅಂದರೆ ಕೋಕೋಪೀಟ್, ತೆಂಗಿನ ನಾರಿನ ಪುಡಿ, ಅಂಗಡಿಯಲ್ಲಿ ಸಿಗುತ್ತೆ ಅಂದ. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಕೇಳಿದರು: "ಜ್ವಾಳದ ರವದಿ ಹಾಕಿದ್ರ ನಡೀತೈತೇನೋ ಯಪ್ಪಾ?" ಹುಡುಗ ಫೋನ್ ತೆಗೆದು ನೋಡಿದ. ರವದಿ ಅಂದರೆ ಜೋಳದ ಒಣಗಿದ ಎಲೆ ಅಂತ ಫೋನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ನಮ್ಮಜ್ಜಿಯ ಹಿತ್ತಲಲ್ಲಿ ಒಂದು ಮುಸುರಿ ಬಾನಿ ಇತ್ತು. ಅಕ್ಕಿ ತೊಳೆದ ನೀರು, ಸೌತೆಕಾಯಿ ಸಿಪ್ಪೆ, ಹಳಸಿದ ಅನ್ನ ಎಲ್ಲ ಅದಕ್ಕೆ. ಅದು ಎಮ್ಮೆಗೆ. ಎಮ್ಮೆ ಹಾಲು ಕೊಡುತ್ತಿತ್ತು, ಸೆಗಣಿ ತಿಪ್ಪೆಗೆ ಹೋಗುತ್ತಿತ್ತು, ಮುಂಗಾರಿಗೆ ಮೊದಲು ತಿಪ್ಪೆ ಚಕ್ಕಡಿ ಹತ್ತಿ ಹೊಲಕ್ಕೆ. ಯಾರೂ ಮುಚ್ಚಳಕ್ಕೆ ಕೈ ಹಚ್ಚಿ ಫೋಟೊ ತೆಗೆಸಲಿಲ್ಲ. ತೆಗೆಸಿದ್ದರೆ ಎಮ್ಮೆ ಒದೀತಿತ್ತು.

ಇದೇ ಎಮ್ಮೆಗೆ ಈಗ ಭಾರೀ ಮರ್ಯಾದೆ. 2021ರಲ್ಲಿ 'ಧಾರವಾಡಿ' ಅಂತ ದೇಶದ ತಳಿಪಟ್ಟಿಗೆ ಸೇರಿತು. ಅದರ ಹಾಲಿನ ಧಾರವಾಡ ಪೇಢೆಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನುವ ಸರಕಾರಿ ಗುರುತು, ಅದಕ್ಕೂ ಮೊದಲೇ ಸಿಕ್ಕಿದೆ. ಎಮ್ಮೆಗೆ ಸರ್ಟಿಫಿಕೇಟ್ ಸಿಕ್ಕಿತು, ನಿಲ್ಲಲು ಜಾಗ ಹೋಯಿತು. ವಾಸನೆ ಬರುತ್ತೆ ಅಂತ ಅರ್ಜಿ ಕೊಟ್ಟು ನಮ್ಮ ಓಣಿಯ ಗೌಳಿ ಮನೆಯವರನ್ನು ಎಬ್ಬಿಸಿದ್ದು ನಾವೇ. ಆ ಅರ್ಜಿಗೆ ನಾನೂ ಸಹಿ ಹಾಕಿದ್ದೇನೆ. ಈಗ ಡ್ರಮ್ಮಿಗೆ ಹಾಕಲು ಸೂಕ್ಷ್ಮಾಣು ಪುಡಿಯ ಪೊಟ್ಟಣ ಕೊಳ್ಳುತ್ತೇವೆ. ಒಂದು ಹಿಡಿ ಸೆಗಣಿ, ಒಂದು ಲೋಟ ಹುಳಿ ಮಜ್ಜಿಗೆ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಊರಲ್ಲಿ ತಿಪ್ಪೆ ಹೋಯಿತು, ಸಾರಿಸುವವರು ಮಾತ್ರ ಉಳಿದರು.

ಇನ್ನು ಕಸದ ಗಾಡಿ. ಹಾಡು ಹಾಕಿಕೊಂಡು ಬರುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಅಂತ ಹಾಡು. ಗಾಡಿಯ ನಡುವೆ ಮೊಣಕಾಲೆತ್ತರದ ತಗಡು. ಮೂರನೇ ಓಣಿ ಮುಟ್ಟುವುದರೊಳಗೆ ಎರಡೂ ಕಸ ತಗಡು ದಾಟಿ ಅಪ್ಪಿಕೊಂಡಿರುತ್ತವೆ. ಮೊನ್ನೆ ಅದರ ಮೇಲೆ ಹತ್ತಿ ನಿಂತ ಹೆಣ್ಣುಮಗಳು ಸಾರು-ಅನ್ನದೊಳಗಿಂದ ಡೈಪರ್ ಎಳೆದು ತೆಗೀತಿದ್ದಳು. ಕೈಗೆ ಹಾಲಿನ ಪ್ಯಾಕೆಟ್ ಸುತ್ತಿಕೊಂಡಿದ್ದಳು.

"ಗ್ಲೌಸ್ ಕೊಟ್ಟಿಲ್ಲೇನವಾ?"

"ಫೋಟೊ ದಿನ ಕೊಟ್ಟಿದ್ರಿ ಅಣ್ಣಾರ. ಆಮ್ಯಾಲ ತಿರುಗಿ ಇಸಗೊಂಡ್ರು."

ಗ್ಲೌಸು, ಮಾಸ್ಕು, ಬೂಟು, ರೇನ್‌ಕೋಟು ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಅವಳು ಅದನ್ನು ಓದಿಲ್ಲ, ಓದಿದವರು ಕೊಟ್ಟಿಲ್ಲ. ಒಂದು ಡ್ರಮ್ಮಿನ ದುಡ್ಡಿಗೆ ಎಷ್ಟು ಜೊತೆ ಗ್ಲೌಸು ಬರುತ್ತಿದ್ದವು? ಆ ಡೈಪರು ಯಾರ ಮನೆಯದು? ಇದರ ಮೇಲೆ ಜೋಕು ಬರೆಯಲು ಕೂತೆ, ಬರಲಿಲ್ಲ. ಬಿಡಿ.

ನಮ್ಮ ಮನೆಯಲ್ಲಿ ಗೊಬ್ಬರ ಆಗುತ್ತದೆ, ಆದರೆ ಡ್ರಮ್ಮಿನಲ್ಲಲ್ಲ. ಒಡಕು ಮಣ್ಣಿನ ಹರವಿಯಲ್ಲಿ, ರವದಿ ಹಾಕಿ. ಎರಡು ತಿಂಗಳು ಬೇಕಾಯಿತು. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ವಾಸನೆ. ಮಾಡಿದ್ದು ನನ್ನ ಹೆಂಡತಿ, ಹೇಳಿಕೊಂಡು ತಿರುಗಿದ್ದು ನಾನು. ಅದೇ ತಪ್ಪಾಯಿತು.

ಶುಕ್ರವಾರ ತಪಾಸಣೆ ಅಂತ ಸುದ್ದಿ ಬಂತು. ಡ್ರಮ್ಮಿನ ಪಕ್ಕ ಗೊಬ್ಬರ ಹಿಡಿದು ನಿಂತರೆ ಫೋಟೊ, ಮೊದಲು ಬಂದವರಿಗೆ ಬಹುಮಾನ. ಅವತ್ತೇ ನೀರಿನ ಪಾಳಿ. ಡ್ರಮ್ಮೆಲ್ಲ ಕಂಠಮಟ್ಟ ತುಂಬಿವೆ. ಬೆಳಿಗ್ಗೆ ಎಂಟಕ್ಕೆ ಕಾಕಾ ಬುಟ್ಟಿ ಹಿಡಿದು ಬಂದರು: "ಒಂದೀಟು ಗೊಬ್ಬರ ಕೊಡೋ ತಮ್ಮಾ, ಫೋಟೊ ಆದಮ್ಯಾಲ ತಂದುಕೊಡ್ತೀನಿ."

ಅವರಿಂದ ಪಕ್ಕದ ಮನೆಗೆ, ಅಲ್ಲಿಂದ ಮೂಲೆ ಮನೆಗೆ. ಸಂಜೆಯೊಳಗೆ ನಮ್ಮ ಬುಟ್ಟಿ ಹನ್ನೊಂದು ಮನೆಯಲ್ಲಿ ಫೋಟೊ ತೆಗೆಸಿಕೊಂಡಿತು. ಡ್ರಮ್ಮಿನ ಮುಚ್ಚಳ ಯಾರೂ ತೆಗೆದು ನೋಡಲಿಲ್ಲ. ಬುಟ್ಟಿ ವಾಪಸ್ ಬಂದಾಗ ಗೊಬ್ಬರ ಅರ್ಧ ಇತ್ತು, ಅದರೊಳಗೆ ಎರಡು ಗುಟ್ಕಾ ಚೀಟಿ.

ಮೊದಲ ಬಹುಮಾನ ಕಾಕಾರಿಗೆ ಬಂತು. ಇನ್ನೊಂದು ಡ್ರಮ್. ಎಂಸೀಲ್ ತರಲು ಆಗಲೇ ಚಪ್ಪಲಿ ಮೆಟ್ಟಿದ್ದರು.