ಸತ್ತವರ ಹತ್ತನೇ ಸೀಸನ್

ಹಾಲಿವುಡ್ ನಿರ್ದೇಶಕ ರಯಾನ್ ಕೂಗ್ಲರ್ 'ಎಕ್ಸ್ ಫೈಲ್ಸ್' ಅನ್ನು, ಅದೇ ಎಫ್‌ಬಿಐ ಏಜೆಂಟರಿಬ್ಬರು ವಿಚಿತ್ರ ಕೇಸುಗಳ ಬೆನ್ನು ಹತ್ತುವ ಅಮೆರಿಕದ ಟಿವಿ ಧಾರಾವಾಹಿಯನ್ನು, ಮತ್ತೆ ಹೊಸದಾಗಿ ಮಾಡ್ತಾರೆ ಅನ್ನೋ ಸುದ್ದಿ ನೀವೂ ಓದಿರುತ್ತೀರಿ. ಎಲ್ಲರಿಗೂ ಖುಷಿ. ನಾನು ಮಾತ್ರ ಎದ್ದು ಹೋಗಿ ಪುಸ್ತಕದ ಕಪಾಟಿಗೆ ಚಿಲಕ ಹಾಕಿದೆಯಾ ಅಂತ ನೋಡಿ ಬಂದೆ. ಅದರೊಳಗೆ ನನ್ನ ಹತ್ತನೇ ಸೀಸನ್ ಇದೆ.

ಯಾವ ಹತ್ತನೇ ಸೀಸನ್ ಅಂತ ಮಾತ್ರ ಕೇಳಬೇಡಿ, ಬಿಪಿ ಏರುತ್ತದೆ. ಇರುವುದೇ ಎರಡು. 2002ರಲ್ಲಿ ಒಂಬತ್ತು ಸೀಸನ್ ಮುಗಿಸಿ ಧಾರಾವಾಹಿ ನಿಂತಿತು. 2013ರಲ್ಲಿ ಐಡಿಡಬ್ಲ್ಯೂ ಪ್ರಕಾಶನದವರು 'ಸೀಸನ್ 10' ಅಂತಲೇ ಹೆಸರಿಟ್ಟು ಕಾಮಿಕ್ಸ್ ಶುರು ಮಾಡಿದರು. ಧಾರಾವಾಹಿ ಹುಟ್ಟಿಸಿದ ಕ್ರಿಸ್ ಕಾರ್ಟರ್ ಅವರೇ ಇದಕ್ಕೂ ಕಾರ್ಯಕಾರಿ ನಿರ್ಮಾಪಕರು. (ಕಾಮಿಕ್ಸಿಗೆ ಕಾರ್ಯಕಾರಿ ನಿರ್ಮಾಪಕರು ಏನು ಮಾಡ್ತಾರೆ? ಶಾಯಿ ದೌತಿ ಹಿಡ್ಕೊಂಡು ನಿಲ್ತಾರಾ?) ಅಪ್ಪನೇ ರುಜು ಹಾಕಿದ ಮೇಲೆ ಇನ್ನೇನು ಅನುಮಾನ ಅಂತ ಕೊಂಡೆವು. 25 ಸಂಚಿಕೆ, ಒಂದೊಂದಕ್ಕೂ ಹತ್ತಿರ ಹತ್ತಿರ ನಾಲ್ಕು ಡಾಲರ್. 2016ರ ಜನವರಿಯಲ್ಲಿ ಅದೇ ಕಾರ್ಟರ್ ಟಿವಿಗೆ ವಾಪಸ್ ಬಂದರು. ಆರೇ ಆರು ಕಂತು. ಅದರ ಹೆಸರೂ ಸೀಸನ್ 10!

ಒಂದೇ ಸೈಟನ್ನು ಇಬ್ಬರಿಗೆ ಮಾರುವ ಕಲೆ ನಮ್ಮ ಬೆಂಗಳೂರಿನ ಸ್ವತ್ತು ಅಂದುಕೊಂಡಿದ್ದೆ. ಅಮೆರಿಕದವರೂ ಚೆನ್ನಾಗಿಯೇ ಕಲಿತಿದ್ದಾರೆ. ಕಾಮಿಕ್ಸಿನಲ್ಲಿ ಆ ಏಜೆಂಟರು, ಮಲ್ಡರ್, ಸ್ಕಲಿ ಇಬ್ಬರೂ ಬ್ಲೇಕ್ ಅಂತ ಹೆಸರು ಬದಲಿಸಿಕೊಂಡು ತಲೆಮರೆಸಿಕೊಂಡಿದ್ದಾರೆ. ಟಿವಿಯಲ್ಲಿ ಆಗಲೇ ಬೇರೆಬೇರೆಯಾಗಿದ್ದಾರೆ. ಒಂದೇ ಜೋಡಿ, ಎರಡು ಖಾತಾ.

ಇಂಥ ಧಾರಾವಾಹಿಗಳ ಪಾತ್ರಗಳನ್ನಿಟ್ಟುಕೊಂಡು ಕಾದಂಬರಿ ಬರೆಯುವವರ ಕಷ್ಟ ಇನ್ನೊಂದು ಥರ. ಅವರಿಗೆ ಪಾತ್ರಗಳನ್ನು ಕೊಡುವುದು ಶಾಮಿಯಾನ ಅಂಗಡಿಯವರು ಪಾತ್ರೆ ಕೊಡುವ ಹಾಗೆ. ಎಷ್ಟು ಬೇಕಾದರೂ ಅಡುಗೆ ಮಾಡಿ, ಊಟ ಬಡಿಸಿ. ಸಂಜೆಗೆ ತಿಕ್ಕಿ ತೊಳೆದು, ನೆಗ್ಗದ ಹಾಗೆ, ಎಣಿಸಿ ವಾಪಸ್ ಕೊಡಬೇಕು. ನಾಯಕ ಸಾಯುವಂತಿಲ್ಲ, ಮದುವೆಯಾಗುವಂತಿಲ್ಲ. 300 ಪುಟ ದೆವ್ವದ ಜೊತೆ ಹೊಡೆದಾಡಿ ಕೊನೆಗೆ ಮೊದಲ ಪುಟದಲ್ಲಿ ಹತ್ತಿದ ಕಾರಿಗೇ ಹತ್ತಬೇಕು. ದೆವ್ವ ಬೇಟೆಯಾಡುವ ಅಣ್ಣತಮ್ಮಂದಿರ ಧಾರಾವಾಹಿ 'ಸೂಪರ್‌ನ್ಯಾಚುರಲ್' 15 ಸೀಸನ್, 327 ಕಂತು ಓಡಿತಲ್ವಾ, ಅದರ ಕಾದಂಬರಿಗಳ ಹಣೆಬರಹವೂ ಇದೇ. ಅದೇ ಧಾರಾವಾಹಿಯೊಳಗೆ ಚಕ್ ಅನ್ನೋ ಒಬ್ಬ ಲೇಖಕ ಬರುತ್ತಾನೆ. ಅಣ್ಣತಮ್ಮಂದಿರ ಬದುಕನ್ನೇ ಅಗ್ಗದ ಕಾದಂಬರಿಗಳಾಗಿ ಬರೆಯುತ್ತಿರುತ್ತಾನೆ. ಕೊನೆಗೆ ನೋಡಿದರೆ ಅವನೇ ದೇವರು! ನಿಜವಾಗಿ ಆ ಕಾದಂಬರಿ ಬರೆದವರು ಇದನ್ನು ನೋಡಿ ನಕ್ಕರೋ ಅತ್ತರೋ.

ಇನ್ನು 'ಬಫಿ', ರಕ್ತಪಿಶಾಚಿಗಳನ್ನು ಕೊಲ್ಲುವ ಹುಡುಗಿಯ ಕತೆ. ಟಿವಿಯಲ್ಲಿ 2003ಕ್ಕೆ ಮುಗಿದದ್ದು 2007ರಲ್ಲಿ ಡಾರ್ಕ್ ಹಾರ್ಸ್‌ನ ಕಾಮಿಕ್ಸಾಗಿ ಎಂಟನೇ ಸೀಸನ್‌ಗೆ ಎದ್ದಿತು. ಕಾಗದಕ್ಕೆ ಬಜೆಟ್ಟಿನ ಹಂಗಿಲ್ಲ ನೋಡಿ. ಬಫಿಯ ತಂಗಿ ಡಾನ್ ಮರದೆತ್ತರಕ್ಕೆ ಬೆಳೆದಳು. ಆಮೇಲೆ ಸೊಂಟದ ಕೆಳಗೆ ಕುದುರೆಯಾದಳು. ಆಮೇಲೆ ಗೊಂಬೆಯಾದಳು. ಅವಳೇನು ತಪ್ಪು ಮಾಡಿದ್ದಳೋ ಪಾಪ. ಗುರು ಜೈಲ್ಸ್‌ನ ಕತ್ತು ಮುರಿದು ಕೊಂದರು. ಓದುಗರ ಅಳು ನಿಲ್ಲುವ ಮೊದಲೇ ಮುಂದಿನ ಸೀಸನ್‌ನಲ್ಲಿ 12 ವರ್ಷದ ಹುಡುಗನ ಮೈಯಲ್ಲಿ ವಾಪಸ್ ತಂದರು. ಹೀಗೇ ಹನ್ನೆರಡನೇ ಸೀಸನ್‌ವರೆಗೆ ಎಳೆದರು. ಆಮೇಲೆ ಹಕ್ಕು ಬೂಮ್ ಸ್ಟುಡಿಯೋಸ್ ಕೈಗೆ ಬಂತು. 2019ರಲ್ಲಿ ಅವರು ಮತ್ತೆ ಹೈಸ್ಕೂಲಿನಿಂದ ಶುರು ಮಾಡಿದರು. ದಾಖಲಾತಿ, ಯೂನಿಫಾರಂ, ಎಲ್ಲ.

ನಮ್ಮ ಕುಮಾರವ್ಯಾಸ ಹತ್ತು ಪರ್ವ ಬರೆದು ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಕುಮಾರವ್ಯಾಸನೇ ಗದುಗಿನಿಂದ ಎದ್ದು ಬಂದು, "ತಿಮ್ಮಣ್ಣನದು ಲೆಕ್ಕಕ್ಕಿಲ್ಲ, ನಿಜವಾದ ಹನ್ನೊಂದನೇ ಪರ್ವ ಇಲ್ಲಿದೆ, ಆರು ಸಂಧಿ ಮಾತ್ರ" ಅನ್ನಲಿಲ್ಲ. ಇದು ಪ್ರಕ್ಷಿಪ್ತ, ಆಮೇಲೆ ಯಾರೋ ಸೇರಿಸಿದ್ದು ಅಂತ ಹೇಳಲು ನಮ್ಮ ಪಂಡಿತರು ಕಡಿಮೆ ಅಂದರೂ ನಾಲ್ಕೈದು ನೂರು ವರ್ಷ ಕಾಯುತ್ತಾರೆ. 'ಎಕ್ಸ್ ಫೈಲ್ಸ್'ಗೆ ಮೂರು ವರ್ಷ ಸಾಕಾಯಿತು.

ದುಡ್ಡು ಹೋದರೆ ಹೋಗಲಿ. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಮೂವರ ವಿಷಯಕ್ಕೆ. ಲೋನ್ ಗನ್‌ಮೆನ್, 'ಎಕ್ಸ್ ಫೈಲ್ಸ್'ನಲ್ಲಿ ಮಲ್ಡರ್‌ಗೆ ನೆರವಾಗುವ ಗೆಳೆಯರು. ಮಾಸಿದ ಬಟ್ಟೆ, ಹಳೇ ಕಂಪ್ಯೂಟರ್, ಯಾರೂ ಓದದ ಪತ್ರಿಕೆ. 2002ರಲ್ಲಿ, ರೋಗಾಣು ಊರಿಗೆ ಹರಡಬಾರದು ಅಂತ ತಮ್ಮನ್ನು ತಾವೇ ಒಳಗೆ ಕೂಡಿಹಾಕಿಕೊಂಡು ಸತ್ತರು. ಗಾಜಿನ ಆಚೆ ನಿಂತ ಗೆಳೆಯರನ್ನು ನೋಡುತ್ತಾ ಸತ್ತರು. ನಾನು ಅತ್ತಿದ್ದೆ ಕಣ್ರೀ, ನಾಚಿಕೆ ಏನಿಲ್ಲ. ಹನ್ನೊಂದು ವರ್ಷ ಆದಮೇಲೆ ಕಾಮಿಕ್ಸಿನವರು ಬಂದು, ಅದು ನಾಟಕ, ಮೂವರೂ ಬದುಕಿದ್ದಾರೆ ಅಂದರು. ಸರಿ, ಅತ್ತಿದ್ದನ್ನು ಮರೆತು ಖುಷಿಪಟ್ಟೆ. ಟಿವಿಯವರು ವಾಪಸ್ ಬಂದು, ಇಲ್ಲ, ಸತ್ತಿದ್ದಾರೆ, ಆರ್ಲಿಂಗ್ಟನ್‌ನಲ್ಲಿ ಸಮಾಧಿ ಇದೆ ಅಂತ ಕಲ್ಲನ್ನೇ ತೋರಿಸಿದರು. ಒಬ್ಬರ ಸಾವಿಗೆ ಎಷ್ಟು ಸಲ ಅಳಬೇಕು? ತಿಥಿ ಮಾಡಬೇಕೋ ಬೇಡವೋ, ಅದನ್ನಾದರೂ ಒಂದು ಸಲ ಕೂತು ತೀರ್ಮಾನ ಮಾಡಿ ಹೇಳಿ. ಕತೆ ನಿಮ್ಮದು, ಹಕ್ಕು ನಿಮ್ಮದು, ಒಪ್ಪಿದೆ. ಆ ಕಣ್ಣೀರು ನಮ್ಮದು. ಅದಕ್ಕೂ ಲೈಸೆನ್ಸ್ ಅವಧಿ ಇಡಬೇಡಿ.

ಮೊನ್ನೆ ಮಗಳು ಕಪಾಟು ತೆಗೆದು, "ಅಪ್ಪಾ, ಹತ್ತನೇ ಸೀಸನ್ ಎರಡಿದ್ಯಂತೆ, ಹೌದಾ?" ಅಂದಳು.

"ಹನ್ನೊಂದೂ ಎರಡಿದೆ ಪುಟ್ಟಿ," ಅಂದೆ. "ಕೆಳಗಿನ ಸಾಲಲ್ಲಿ ನೋಡು."