ಪೀಠಭೂಮಿ ಅಲ್ಲ ಸಾರ್, ಪೀಟ್ ಭೂಮಿ

ಆ ಫ್ಲೆಕ್ಸ್ ಫೋಟೋ ನಿಮಗೂ ಬಂದಿರುತ್ತದೆ. ಬಳ್ಳಾರಿಯ ಎಲ್ಲಾ ವಾಟ್ಸಾಪ್ ಗ್ರೂಪಲ್ಲೂ ಒಂದು ಸುತ್ತು ಹೊಡೆದಾಯ್ತು. "ಪೀಠಭೂಮಿ ಸಂರಕ್ಷಣಾ ನೀತಿ: ಸಂಶೋಧನೆ ಮತ್ತು ಜನಜಾಗೃತಿ, ಒಂದು ದಿನದ ಕಾರ್ಯಾಗಾರ, ಊಟದ ವ್ಯವಸ್ಥೆ ಇದೆ." ಊಟದ ಸಾಲು ಮಾತ್ರ ಕೆಂಪು ಅಕ್ಷರದಲ್ಲಿ.

ನಾನು ನಿಜಕ್ಕೂ ಖುಷಿಯಿಂದ ಹೋದೆ. ಬಳ್ಳಾರಿಯಲ್ಲಿ ನಿಂತು ಪೀಠಭೂಮಿ ಉಳಿಸಿ ಅನ್ನೋಕೆ ಗುಂಡಿಗೆ ಬೇಕಲ್ವಾ? 2011ರಲ್ಲಿ ಸುಪ್ರೀಂ ಕೋರ್ಟ್ ಸಾಕು ನಿಲ್ಲಿಸಿ ಅನ್ನುವವರೆಗೂ ನಮ್ಮ ಪೀಠಭೂಮಿ ಕಬ್ಬಿಣದ ಅದಿರಾಗಿ ದಿನಾ ಬೆಳಗಾದರೆ ಲಾರಿ ಹತ್ತುತ್ತಿತ್ತು, ಬಂದರಿಗೆ ಹೋಗುತ್ತಿತ್ತು, ಅಲ್ಲಿಂದ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಈಗಲಾದರೂ ಯಾರಿಗೋ ಬುದ್ಧಿ ಬಂತಲ್ಲ ಅಂದುಕೊಂಡೆ.

ಹಾಲ್ ಒಳಗೆ ಹೋದರೆ ಪರದೆ ಮೇಲೆ ಹಿಮ, ಮಂಜು, ಹಸಿರು ಪಾಚಿ. ಹೊರಗೆ ಏಪ್ರಿಲ್ ಬಿಸಿಲಿಗೆ ನಾಯಿಗಳು ನಿಂತ ಕಾರುಗಳ ಕೆಳಗೆ ಸೇರಿಕೊಂಡಿದ್ದವು. ಒಳಗೆ ಎಸಿ ಎಷ್ಟು ಜೋರಿತ್ತು ಅಂದರೆ ಮುಂದಿನ ಸಾಲಿನ ಹಿರಿಯರೊಬ್ಬರು ಟವೆಲ್ ಹೊದ್ದು ಕೂತಿದ್ದರು. ಆಮೇಲೆ ಗೊತ್ತಾಯ್ತು. ವಿಷಯ ಪೀಠಭೂಮಿ ಅಲ್ಲ, ಪೀಟ್ ಭೂಮಿ, ಒಂಥರಾ ಜೌಗು ನೆಲ. ಆಯೋಜಕರು ಸರಿಯಾಗೇ ಬರೆದು ಕಳಿಸಿದ್ದರಂತೆ. ಫ್ಲೆಕ್ಸ್ ಅಂಗಡಿ ಹುಡುಗ ಇದೇನೋ ತಪ್ಪಾಗಿದೆ ಅಂತ ತಿದ್ದಿದ್ದಾನೆ. "ಹುಟ್ಟುಹಬ್ಬದ ಹಾರ್ಧಿಕ ಶುಬಾಶಯ" ಅಂತ ವರ್ಷಕ್ಕೆ ಸಾವಿರ ಫ್ಲೆಕ್ಸ್ ಹೊಡೆಯುವ ಹುಡುಗ, ಜೀವನದಲ್ಲಿ ಮೊದಲ ಸಲ ಕಾಗುಣಿತ ತಿದ್ದಿದ, ಅದೂ ಸರಿ ಇದ್ದಿದ್ದನ್ನು.

ಆ ಒಂದು ಅಕ್ಷರ ನಂಬಿಕೊಂಡು ಎಷ್ಟು ಜನ ಬಂದಿದ್ದರು ಅಂತೀರಿ. ಟವೆಲ್ ಹೊದ್ದಿದ್ದವರು ನಿವೃತ್ತ ಭೂಗೋಳದ ಮೇಷ್ಟ್ರು. ದಖ್ಖನ್ ಪೀಠಭೂಮಿ ಬಗ್ಗೆ ನಾಲ್ಕು ಪುಟ ಬರೆದುಕೊಂಡೇ ಬಂದಿದ್ದರು, ಕೊನೆಗೆ ಓದಿಯೇ ಹೋದರು. ಇನ್ನೊಬ್ಬರು ವಕೀಲರು. ಯಾವುದೋ ಪೀಠದ ಭೂಮಿ ಒತ್ತುವರಿ ಆಗಿದೆ, ಅದಕ್ಕೇ ಸಭೆ ಅಂತ ತಿಳಿದು ಪಹಣಿ ಸಮೇತ ಬಂದಿದ್ದರು. "ಯಾವ ಮಠದ್ರೀ ಇದು? ಸರ್ವೆ ನಂಬರ್ ಎಷ್ಟು?" ಅಂತ ಊಟದ ಹೊತ್ತಿನವರೆಗೂ ಕೇಳುತ್ತಲೇ ಇದ್ದರು.

ಪಾಠ ಮಾಡಿದ ಮೇಡಂ ಮಾತ್ರ ಒಳ್ಳೆಯವರು. ಅವರನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ವಿಷಯ ಗೊತ್ತಿತ್ತು, ಹೇಳುವ ಆಸೆಯೂ ಇತ್ತು. ನೀರು ನಿಂತ ನೆಲದಲ್ಲಿ ಸತ್ತ ಗಿಡ ಪೂರ್ತಿ ಕೊಳೆಯುವುದಿಲ್ಲ, ಗಾಳಿ ಸಿಗುವುದಿಲ್ಲವಲ್ಲ. ಹಾಗೇ ಪದರ ಪದರವಾಗಿ ಕೂರುತ್ತಾ ಹೋಗುತ್ತದೆ, ಅದೇ ಪೀಟ್. ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಮೀಟರ್ ಆಗಬೇಕಾದರೆ ಸಾವಿರ ವರ್ಷ. ಭೂಮಿಯ ನೆಲದಲ್ಲಿ ಇದರ ಪಾಲು ಬರೀ ಶೇ 3ರಷ್ಟು, ಆದರೆ ಜಗತ್ತಿನ ಎಲ್ಲಾ ಕಾಡಿನ ಮರಗಿಡ ಸೇರಿ ಹಿಡಿದಿಟ್ಟಿರುವುದಕ್ಕಿಂತ ಜಾಸ್ತಿ ಇಂಗಾಲ ಇದರ ಹೊಟ್ಟೆಯಲ್ಲಿದೆ. ನೀರು ಬಸಿದು ಒಣಗಿಸಿದರೆ ಮುಗೀತು. ಇಂಗಾಲ ಎದ್ದು ಗಾಳಿಗೆ ಸೇರುತ್ತದೆ. ಬೆಂಕಿ ಬಿದ್ದರೆ ನೆಲದೊಳಗೇ ತಿಂಗಳುಗಟ್ಟಲೆ ಉರಿಯುತ್ತದೆ.

ನನ್ನ ಪಕ್ಕ ಕೂತಿದ್ದವರು ಕಂಪ್ಲಿ ಕಡೆಯ ನರ್ಸರಿ ಅಣ್ಣ, ಮೆಣಸಿನ ಟ್ರೇ ಸಸಿ ಮಾಡುವವರು. ಅರ್ಧ ಗಂಟೆ ಗಮನವಿಟ್ಟು ಕೇಳಿ ಕೈ ಎತ್ತಿದರು. "ಮೇಡಂ, ಎಲ್ಲಾ ಸರಿ. ಚೀಲಕ್ಕೆ ಎಷ್ಟು ಬೀಳ್ತದೆ ಹೇಳ್ರಿ."

ಅವರ ತಪ್ಪೇನೂ ಇಲ್ಲ. ಅವರಿಗೆ ಪೀಟ್ ಅಂದರೆ ಕೋಕೋಪೀಟ್. ತೆಂಗಿನ ನಾರಿನ ಪುಡಿ. ಇಟ್ಟಿಗೆ ಥರ ಒತ್ತಿ ಬರುತ್ತೆ, ನೀರಲ್ಲಿ ಹಾಕಿದರೆ ಉಬ್ಬುತ್ತೆ. ನಮ್ಮ ಕಡೆ ಮೆಣಸು, ಟೊಮೆಟೊ ಸಸಿ ಎಲ್ಲಾ ಏಳುವುದು ಅದರಲ್ಲೇ. ಮೇಡಂ ಪಾಪ ಹದಿನೈದು ನಿಮಿಷ ಅದೂ ಇದೂ ಬೇರೆ ಬೇರೆ ಅಂತ ಬಿಡಿಸಿ ಹೇಳಿದರು. ಹಾಗೆ ನೋಡಿದರೆ ಇಡೀ ಹಾಲಿನಲ್ಲಿ ಪೀಟ್ ಭೂಮಿಗೆ ಒಂಚೂರಾದರೂ ಉಪಕಾರ ಮಾಡಿದವರು ಇದ್ದರೆ ಅದು ಈ ಅಣ್ಣನೇ. ಹೊರದೇಶದಲ್ಲಿ ತೋಡಿ ಕುಂಡಕ್ಕೆ ಹಾಕುವ ಪೀಟ್ ಬಿಟ್ಟು ತೆಂಗಿನ ಪುಡಿ ಬಳಸುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಮನೆ ತೋಟದವರಿಗೆ ಪೀಟ್ ಮಾರುವುದನ್ನು 2024ರೊಳಗೆ ನಿಲ್ಲಿಸುತ್ತೇವೆ ಅಂತ 2022ರಲ್ಲಿ ಸರ್ಕಾರವೇ ಹೇಳಿತ್ತು. 2024 ಬಂತು, ಹೋಯ್ತು, ಕಾನೂನು ಬರಲಿಲ್ಲ. ಇದನ್ನು ಕೇಳಿ ಹಾಲಿನಲ್ಲಿ ಮೊದಲ ಸಲ ಎಲ್ಲರ ಮುಖದಲ್ಲೂ ಆತ್ಮೀಯತೆ ಕಾಣಿಸಿತು. ಅಲ್ಲೂ ನಮ್ಮವರೇ ಇದ್ದಾರೆ ಬಿಡಪ್ಪಾ.

ಇಂಡೋನೇಷ್ಯಾದ ಕಥೆ ಬಂದಾಗ ನಾನು ನೆಟ್ಟಗೆ ಕೂತೆ. 1995ರ ಹೊತ್ತಿಗೆ ಅಲ್ಲಿನ ಅಧ್ಯಕ್ಷ ಸುಹಾರ್ತೊಗೆ ಭತ್ತದ ಹುಚ್ಚು ಹಿಡಿಯಿತು. ಕಲಿಮಂತಾನ್‌ನಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಪೀಟ್ ಕಾಡು ಒಣಗಿಸಿ ಗದ್ದೆ ಮಾಡುತ್ತೇನೆ ಅಂದ. 4 ಸಾವಿರ ಕಿಲೋಮೀಟರಿಗೂ ಜಾಸ್ತಿ ಕಾಲುವೆ ತೋಡಿಸಿದ. ನೀರು ಬಸಿದು ಹೋಯ್ತು. ಭತ್ತ ಬರಲಿಲ್ಲ. 1997ರಲ್ಲಿ ಬೆಂಕಿ ಬಂತು, ಹೊಗೆ ಪಕ್ಕದ ದೇಶಗಳ ಕಣ್ಣಿಗೂ ಹೋಯ್ತು. ಭತ್ತದ ಹುಚ್ಚು ಏನೇನು ಮಾಡಿಸುತ್ತೆ ಅನ್ನೋದನ್ನು ನಮಗೆ ಹೇಳಿಕೊಡಬೇಕಾ? ತುಂಗಭದ್ರಾ ಕಾಲುವೆ ತೋಡಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಈಗ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹೋಗಿ ನೋಡಿ, ಕಣ್ಣು ಹಾಯಿಸಿದಷ್ಟು ದೂರ ಭತ್ತ. ಮೇಲಿನವರ ಗದ್ದೆಯಲ್ಲಿ ಮೊಣಕಾಲುದ್ದ ನೀರು, ಕೆಳಗೆ ಮಾನ್ವಿ, ಸಿರವಾರದವರು ಕಾಲುವೆಗೆ ನೀರು ಬಿಡಿ ಅಂತ ರಸ್ತೆಯಲ್ಲಿ ಕೂರುತ್ತಾರೆ. ನೀರು ಜಾಸ್ತಿ ಆಗಿ ಸವಳು-ಜವಳು ಹಿಡಿದ ನೆಲವೂ ನಮ್ಮಲ್ಲಿ ಬೇಕಾದಷ್ಟಿದೆ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಎಷ್ಟೋ ವರ್ಷದಿಂದ ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಸಂಶೋಧನೆ, ಜಾಗೃತಿ ಅಂದರೆ ಅದಲ್ವಾ ಮಾರಾಯ್ರೆ? ಆ ಜವಳು ನೆಲದ ಒಂದು ಫೋಟೋ ಕೂಡ ಪರದೆ ಮೇಲೆ ಬರಲಿಲ್ಲ. ಫಿನ್ಲೆಂಡ್ ಬಂತು.

ವರ್ಷಕ್ಕೆ 1 ಮಿಲಿಮೀಟರ್ ಅಂದಾಗ ಮೇಷ್ಟ್ರು ನನ್ನ ಕಡೆ ತಿರುಗಿ, "ನಮ್ಮ ಡ್ಯಾಂ ಹೂಳಿನ ಸ್ಪೀಡು ಇವರಿಗೆ ಗೊತ್ತಿಲ್ಲ ಅನಿಸ್ತದೆ" ಅಂದರು. ನಿಜ ಮತ್ತೆ. 133 ಟಿಎಂಸಿ ಇದ್ದ ತುಂಗಭದ್ರಾ ಜಲಾಶಯದಲ್ಲಿ ಈಗ 105 ಚಿಲ್ಲರೆ ಹಿಡಿಯುತ್ತೆ. ಉಳಿದಿದ್ದೆಲ್ಲಾ ಹೂಳು. ಎಪ್ಪತ್ತು ವರ್ಷದಲ್ಲಿ. ಕೆಸರು ಕೂಡಿಡುವುದಕ್ಕೆ ಒಲಿಂಪಿಕ್ಸ್ ಇದ್ದಿದ್ದರೆ ಚಿನ್ನ ಹೊಸಪೇಟೆಗೇ.

ಇಷ್ಟೆಲ್ಲಾ ನಗು. ಆಮೇಲೆ ಒಂದು ಕರಪತ್ರ ಕೊಟ್ಟರು, ಅದರಲ್ಲಿ 2017ರ ಜೌಗುಭೂಮಿ ನಿಯಮಗಳ ಸಾರಾಂಶ ಇತ್ತು. ಅದನ್ನು ಓದಿದ ಮೇಲೆ ನಗು ಬರಲಿಲ್ಲ.

ಯಾವುದು ಜೌಗುಭೂಮಿ ಅಂತ ಅದರಲ್ಲಿ ಒಂದು ವ್ಯಾಖ್ಯಾನ ಇದೆ. ಜೌಗು, ಕೆಸರುನೆಲ, ಪೀಟ್ ಭೂಮಿ, ನೀರು. ಪೀಟ್ ಭೂಮಿ ಹೆಸರು ಹಿಡಿದು ಹೇಳಿದ್ದಾರೆ. ಅದಾದ ಮೇಲೆ ಯಾವುದು ಸೇರುವುದಿಲ್ಲ ಅಂತ ಇನ್ನೊಂದು ಸಾಲು. ನದಿ ಪಾತ್ರ ಸೇರುವುದಿಲ್ಲ. ಭತ್ತದ ಗದ್ದೆ ಸೇರುವುದಿಲ್ಲ. ಕುಡಿಯುವ ನೀರಿಗೆ ಅಂತ ಮನುಷ್ಯ ಕಟ್ಟಿದ್ದು ಸೇರುವುದಿಲ್ಲ. ನೀರಾವರಿಗೆ ಅಂತ ಕಟ್ಟಿದ್ದೂ ಸೇರುವುದಿಲ್ಲ.

ಹಾಗಾದರೆ ನಮ್ಮ ಪಾಲಿಗೆ ಉಳಿದಿದ್ದೇನು? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ದೇವರು ಕೊಟ್ಟ ಕೆರೆ ಅಂತ ಎಲ್ಲಿದೆ? ಇರುವುದೆಲ್ಲ ನಮ್ಮ ಹಿರಿಯರು ಏರಿ ಹಾಕಿ, ತೂಬು ಇಟ್ಟು, ಹೊಲಕ್ಕೆ ನೀರು ಬೇಕು, ದನಕ್ಕೆ ನೀರು ಬೇಕು ಅಂತ ಕಟ್ಟಿದ್ದು. ಅಂದರೆ ನಮ್ಮ ಹತ್ತಿರ ಇರುವ ಕೆರೆಗೆ ಆ ಕಾನೂನಿನಲ್ಲಿ ಜಾಗ ಇಲ್ಲ, ನಮ್ಮ ಹತ್ತಿರ ಇಲ್ಲದ ಪೀಟಿಗೆ ಹೆಸರು ಹಿಡಿದು ಜಾಗ ಇದೆ. ಭೇಷ್. ಕಳ್ಳತನ ಆಗದಿರಲಿ ಅಂದರೆ ಮನೆಯಲ್ಲಿ ಇಲ್ಲದ ಚಿನ್ನಕ್ಕೆ ಬೀಗ ಹಾಕುವುದೇ ಸರಿ.

ಕೆರೆಗೆ ಬೇರೆ ಪ್ರಾಧಿಕಾರ ಇದೆ, 2014ರ ಕಾಯ್ದೆ ಇದೆ ಅಂತೀರಿ. ಗೊತ್ತು ಸ್ವಾಮಿ. ಕಾಯ್ದೆ ಇದೆ. ನಮ್ಮ ಮನೆ ಹಿಂದಿನ ಕೆರೆಯೂ ಇತ್ತು. ನಾನು ಸಣ್ಣವನಿದ್ದಾಗ ಅಲ್ಲಿ ಎಮ್ಮೆ ಬಾಲ ಹಿಡಿದು ಈಜು ಕಲಿತಿದ್ದೇನೆ. ಈಗ ಅರ್ಧ ಲೇಔಟು, ಇನ್ನರ್ಧ ಜಾಲಿ. ಮದುವೆ ಹಾಲ್‌ಗಳ ಪ್ಲಾಸ್ಟಿಕ್ ಎಲೆ, ಕೋಳಿ ಅಂಗಡಿಯ ಪುಕ್ಕ, ಒಡೆದ ಕಮೋಡ್ ತಂದು ಸುರಿಯುತ್ತಾರೆ. ರಾತ್ರಿ ಅದಕ್ಕೂ ಬೆಂಕಿ ಹಚ್ಚುತ್ತಾರೆ, ಬೆಳಗಾದರೂ ಒಳಗೊಳಗೇ ಹೊಗೆಯಾಡುತ್ತಿರುತ್ತದೆ. ಪೀಟ್ ಬೆಂಕಿ ಹೇಗಿರುತ್ತೆ ಅಂತ ನೋಡಲು ನಾವು ಇಂಡೋನೇಷ್ಯಾಕ್ಕೆ ಹೋಗಬೇಕಿಲ್ಲ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಹಿಂಬರಹ ಬಂತು, ಮೂರೂ ಬೇರೆ ಬೇರೆ ಕಚೇರಿಗೆ ಹೋಗಿ ಅಂತ. ಬೇಜಾರು ಹಿಡಿದು ಹೋಗಿದೆ ನನಗೆ. ಯಾವ ಕಾರ್ಯಾಗಾರಕ್ಕೆ ಕರೆದರೂ ಹೋಗುತ್ತೇನೆ, ಬ್ಯಾಗ್ ಕೊಟ್ಟರೆ ತಗೊಳ್ಳುತ್ತೇನೆ, ಆದರೆ ದಯವಿಟ್ಟು ನನಗೆ ಜಾಗೃತಿ ಮೂಡಿಸಬೇಡಿ. ನಾನು ಎದ್ದೇ ಇದ್ದೇನೆ. ಮಲಗಿರುವವರು ಬೇರೆ.

ಅಂಕಸಮುದ್ರ ನೋಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಊರ ಕೆರೆ, ನೀರಾವರಿಗೆ ಅಂತಲೇ ಕಟ್ಟಿದ್ದು. ಕರಿಜಾಲಿ ಮರಗಳ ತುಂಬಾ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದವು. ಊರಿನವರು ಓಡಿಸಲಿಲ್ಲ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಹಾಗಾಗಿ ಬಚಾವಾಯ್ತು. ಉಳಿದ ಕೆರೆಗಳಿಗೆ ಕೊಕ್ಕರೆ ಶಿಫಾರಸು ಸಿಗಬೇಕಷ್ಟೇ. ಬಳ್ಳಾರಿಯವರು ನಮ್ಮದು ಅಂತ ಎದೆ ತಟ್ಟಿಕೊಳ್ಳಲೂ ಆಗದು, 2021ರಲ್ಲೇ ವಿಜಯನಗರ ಜಿಲ್ಲೆ ಬೇರೆಯಾಗಿ ಅದನ್ನು ಜೊತೆಗೇ ತೆಗೆದುಕೊಂಡು ಹೋಯ್ತು. ನಮಗೆ ಬಿಸಿಲು ಬಿಟ್ಟು ಹೋಯ್ತು.

ವಕೀಲರು ಕೇಳಿದ ಪೀಠದ ಭೂಮಿಗೂ ಒಂದು ಉದಾಹರಣೆ ಪಕ್ಕದ ಕೊಪ್ಪಳದಲ್ಲೇ ಇದೆ. 2019ರಲ್ಲಿ ಗವಿಮಠದ ಸ್ವಾಮೀಜಿ ಜನರನ್ನು ಕಟ್ಟಿಕೊಂಡು ಹಿರೇಹಳ್ಳಕ್ಕೇ ಇಳಿದರು. ಜಾಲಿ ಕಿತ್ತರು, ಹೂಳು ತೆಗೆಸಿದರು. ಪರದೆ ಇರಲಿಲ್ಲ, ಎಸಿ ಇರಲಿಲ್ಲ. ಹಳ್ಳ ನೀರಾವರಿ ಇಲಾಖೆಗೆ ಬರುತ್ತೋ ಪಂಚಾಯಿತಿಗೆ ಬರುತ್ತೋ ಅಂತ ಹಳ್ಳ ಕೇಳಲಿಲ್ಲ.

ಸಂಜೆ ಎಲ್ಲರಿಗೂ ನೆನಪಿನ ಕಾಣಿಕೆ ಅಂತ ಒಂದೊಂದು ಪುಟ್ಟ ಕುಂಡ, ಅದರಲ್ಲಿ ಒಂದು ಶೋಕಿ ಗಿಡ. ನರ್ಸರಿ ಅಣ್ಣನಿಗೆ ಕೈ ಸುಮ್ಮನಿರಲಿಲ್ಲ. ಗಿಡ ಮೆಲ್ಲಗೆ ಎತ್ತಿ ಬೇರಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಲ್ಲಿ ಉಜ್ಜಿದರು. ಕಪ್ಪಗೆ, ಮೆತ್ತಗೆ, ಹಳೇ ಚಹಾಪುಡಿ ಥರ ಇತ್ತು. ಮೂಸಿ ನೋಡಿದರು.

"ಇದು ಕೋಕೋ ಅಲ್ಲ ಸಾರ್. ಕೋಕೋದಾಗೆ ನಾರು ಸಿಗ್ತದೆ. ಇದು ಫಾರಿನ್ ಮಾಲು. ಮೇಡಂ ಹೇಳಿದ್ರಲ್ಲ, ಅದೇ ಪೀಟು."

ಇನ್ನೂರು ಕುಂಡ ಇದ್ದವು. ಪೀಟ್ ತೋಡಬೇಡಿ ಅಂತ ಹೇಳಿ, ತೋಡಿದ ಪೀಟನ್ನು ತಲೆಗೊಂದು ಹಿಡಿ ಹಂಚಿ ಕಳಿಸಿದರು.

ಮೊನ್ನೆ ಒಂದು ಫೋನ್ ಬಂತು. "ಸಾರ್, ನೀವು ಫೀಡ್‌ಬ್ಯಾಕ್ ಫಾರಂ ತುಂಬಿಲ್ಲ. ಎಲ್ಲರದ್ದೂ ಬರದಿದ್ದರೆ ಬಿಲ್ ಪಾಸಾಗಲ್ಲ." ಪಾಪ, ಹುಡುಗನ ಸಂಬಳದ ವಿಷಯ. ತುಂಬಿದೆ. ಏಳನೇ ಪ್ರಶ್ನೆ: ಈ ಕಾರ್ಯಾಗಾರದ ನಂತರ ಪೀಟ್ ಬಗೆಗಿನ ನಿಮ್ಮ ನಡವಳಿಕೆಯಲ್ಲಿ ಬದಲಾವಣೆ ಆಗಿದೆಯೇ? ಹೌದು ಅಂತ ಟಿಕ್ ಹಾಕಿದೆ. ಸುಳ್ಳೇನಲ್ಲ. ಒಣಗಿಸಬಾರದು ಅಂದಿದ್ದರಲ್ಲ, ಕುಂಡವನ್ನು ಬಿಸಿಲು ಬೀಳುವ ಕಿಟಕಿಯಿಂದ ಎತ್ತಿ ಬಚ್ಚಲ ಬಾಯಿಗೆ ಇಟ್ಟಿದ್ದೇನೆ. ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತೆ, ಆದಷ್ಟು ನೋಡಿಕೊಳ್ಳುತ್ತೇನೆ.