ಸಿಸಿಯಲ್ಲಿ ಮ್ಯಾನೇಜರು

ಪಕ್ಕದ ಡೆಸ್ಕಿನವರ ತಪ್ಪು ಕಣ್ಣಿಗೆ ಬಿದ್ದಾಗ ಒಳಗೊಳಗೇ ಸಣ್ಣದೊಂದು ಖುಷಿ ಏಳುತ್ತದೆ. ಅದು ಇಳಿಯುವ ಮೊದಲೇ ಕೀಬೋರ್ಡಿಗೆ ಕೈ ಹಾಕಿದವರು ‘ರಿಪ್ಲೈ ಆಲ್’ ಒತ್ತುತ್ತಾರೆ. ಸಿಸಿಯಲ್ಲಿ ಮ್ಯಾನೇಜರು, ಅವರ ಮೇಲಿನವರು, ಸಂಬಂಧವೇ ಇಲ್ಲದ ಎಚ್‌ಆರ್‌ನವರು. ‘ನಿಮ್ಮ ಗಮನಕ್ಕೆ’ ಎಂದು ಶುರುವಾಗುವ ಆ ಮೇಲ್ ನಿಜಕ್ಕೂ ಯಾರ ಗಮನಕ್ಕೆ ಎನ್ನುವುದು ಎಲೆಕ್ಟ್ರಾನಿಕ್ ಸಿಟಿಯಿಂದ ಮಾನ್ಯತಾ ಟೆಕ್ ಪಾರ್ಕಿನವರೆಗೆ ಎಲ್ಲರಿಗೂ ಗೊತ್ತು.

ಇವರಿಗಿಂತ ಅಪಾಯಕಾರಿಗಳು ನಮ್ಮಂಥ ಸಂಕೋಚದವರು. "ಎಲ್ಲಾ ಚೆನ್ನಾಗೇ ಇದೆ ಸರ್, ಆದ್ರೂ ಇನ್ನೊಂದ್ಸಲ ನೋಡ್ಬಿಡಿ" ಅನ್ನುತ್ತೇವೆ. ಲೆಕ್ಕ ಪೂರಾ ಎಡವಟ್ಟಾಗಿದೆ ಎಂದು ಇದರ ಅರ್ಥ. ಕೇಳಿದವರಿಗೆ ‘ಚೆನ್ನಾಗೇ ಇದೆ’ ಮಾತ್ರ ಕೇಳಿಸಿ, ಫೈಲು ಸಂಜೆಯೊಳಗೆ ಕ್ಲೈಂಟಿಗೆ ಹೋಗಿರುತ್ತದೆ.

ಆಫೀಸಿನಲ್ಲಿ ಈ ಸಂಕೋಚ ಹೆಚ್ಚೆಂದರೆ ಒಂದು ಶನಿವಾರವನ್ನು ತಿನ್ನುತ್ತದೆ. 1977ರ ಮಾರ್ಚ್ 27ರಂದು, ಟೆನೆರಿಫ್ ದ್ವೀಪದ ಮಂಜು ಕವಿದ ರನ್‌ವೇಯಲ್ಲಿ ಕೆಎಲ್‌ಎಂ ವಿಮಾನ ಟೇಕಾಫ್‌ಗೆ ಓಡತೊಡಗಿದಾಗ, ಪ್ಯಾನ್ ಆಮ್ ವಿಮಾನ ಇನ್ನೂ ದಾರಿಯಿಂದ ಸರಿದಿಲ್ಲವೇನೋ ಎಂಬ ಅನುಮಾನ ಬಂದದ್ದು ಫ್ಲೈಟ್ ಎಂಜಿನಿಯರಿಗೆ. ಕೇಳಿದರು ಕೂಡ, ಪ್ರಶ್ನೆಯ ಧಾಟಿಯಲ್ಲಿ. ಕ್ಯಾಪ್ಟನ್ ಕಂಪನಿಯ ಹಿರಿಯ ತಲೆ. ಸರಿದಿದೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಅಲ್ಲಿಗೆ ಮಾತು ನಿಂತಿತು. 583 ಜನ ಸತ್ತರು. ಕಿರಿಯರು ಅನುಮಾನವನ್ನು ನೇರವಾಗಿ ಹೇಳುವುದನ್ನೂ ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ವಿಮಾನ ಸಿಬ್ಬಂದಿಗೆ ತರಬೇತಿಯಾಗಿಯೇ ಕಲಿಸತೊಡಗಿದ್ದು ಆಮೇಲೆ.

ನಮ್ಮ ಬಿಡದಿಯಲ್ಲೂ ಕಾರು ತಯಾರಿಸುವ ಟೊಯೋಟಾ ಕಂಪನಿಯ ಹಳೆಯ ಪದ್ಧತಿಯೊಂದಿದೆ: ದೋಷ ಕಂಡರೆ ಯಾವ ಕೆಲಸಗಾರ ಬೇಕಾದರೂ ಕಾರು ಜೋಡಿಸುವ ಲೈನಿನ ಪಕ್ಕದ ಹಗ್ಗ ಎಳೆಯಬಹುದು. ಲೀಡರ್ ಬರುತ್ತಾರೆ, ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ.

ನಮ್ಮ ಆಫೀಸುಗಳಲ್ಲಿ ಹಗ್ಗವಿಲ್ಲ, ಒನ್ ಬೈ ಟು ಕಾಫಿ ಇದೆ. ರಿಲೀಸಿಗೆ ಇನ್ನೂ ಸಮಯವಿದ್ದರೆ ಕೆಳಗಿನ ದರ್ಶಿನಿಗೆ ಕರೆದುಕೊಂಡು ಹೋಗಿ, ಇಬ್ಬರೇ ನಿಂತು, ಸುತ್ತಿಬಳಸದೆ ಹೇಳುವುದು ನನ್ನ ಕ್ರಮ: "ಗುರು, ಜಿಎಸ್‌ಟಿ ಎರಡು ಸಲ ಸೇರಿಸಿದೀಯ." ಮರ್ಯಾದೆ ಉಳಿಸುವ ಕೆಲಸವನ್ನು ಜಾಗ ನೋಡಿಕೊಳ್ಳುವುದರಿಂದ ಮಾತು ನೇರವಾಗಿರಬಹುದು. ಇನ್ನೈದು ನಿಮಿಷದಲ್ಲಿ ಗ್ರಾಹಕರ ದುಡ್ಡು ಕಟ್ ಆಗುವಂತಿದ್ದರೆ ಮಾತ್ರ ಕಾಫಿಗೆ ಕಾಯುವಂತಿಲ್ಲ, ತುಂಬಿದ ಮೀಟಿಂಗಿನಲ್ಲೇ ಕೂಗಬೇಕು. ಸ್ಲೈಡಿನ ಕಾಗುಣಿತಕ್ಕೂ ಹಾಗೆ ಕೂಗುವವರು ಪ್ರತಿ ತಂಡದಲ್ಲೂ ಒಬ್ಬರು ಇರುತ್ತಾರೆ. ಅವರನ್ನು ತಿದ್ದಲು ನಾನು ಹೋಗುವುದಿಲ್ಲ.

ಅಂದ ಹಾಗೆ, ಕಾಫಿಯ ಬಿಲ್ಲನ್ನು ತಪ್ಪು ತೋರಿಸಿದವರೇ ಕೊಡಬೇಕು. ಅನ್ನಿಸಿಕೊಂಡವರ ಕೈಲೇ ದುಡ್ಡೂ ಬಿಚ್ಚಿಸುವುದು ಸ್ವಲ್ಪ ಅತಿಯಾಯಿತು.